ಜ್ವರಕ್ಕೆ ಕುಳಿತ ರೇಷ್ಮೆಹುಳುಗಳು

1959ರ ಆಗಸ್ಟ್ 3, ಸೋಮವಾರ. ಈ ದಿನಾಂಕವನ್ನು ಮೈಸೂರಿನಲ್ಲಿ ನಾನು ಓದಿದ ಸರ್ಕಾರಿ ಶಾಲೆಯ ತನಿಖಾ ಪುಸ್ತಕದಿಂದ ಖಚಿತಪಡಿಸಿಕೊಂಡಿದ್ದೇನೆ. ಅಂದು ಬೆಳಿಗ್ಗೆ ನಮ್ಮ ಆರನೆಯ ತರಗತಿಯ ಬಿದಿರಿನ ತಟ್ಟೆಯಲ್ಲಿ ರೇಷ್ಮೆಹುಳುಗಳೆಲ್ಲ ಅಲುಗಾಡದೆ ಇದ್ದವು. ಹಾಕಿದ ಸೊಪ್ಪು ಹಾಗೆಯೇ ಬಾಡಿತ್ತು. ಹುಳು ಸಾಕುತ್ತ ವಿಜ್ಞಾನ ಕಲಿಸುವ ಈ ಹೊಸ ಪ್ರಯೋಗಕ್ಕೆ ಫಿಲೋಮಿನಾ ಟೀಚರ್ ಇಲಾಖೆಯ ಅನುದಾನ ಪಡೆದಿದ್ದರು. ಅದನ್ನು ಮುಂದುವರಿಸಬೇಕೇ ಬೇಡವೇ ಎಂದು ನಿರ್ಧರಿಸುವ ಇನ್‌ಸ್ಪೆಕ್ಟರು ಆಗಲೇ ಬಾಗಿಲಿಗೆ ಬಂದಿದ್ದರು.

“ಎಲ್ಲ ಸತ್ತುಹೋಗಿವೆ ಸಾರ್,” ಎನ್ನುವಾಗ ಟೀಚರ ಕಣ್ಣು ತುಂಬಿತ್ತು.

ಕೋಟು, ಟೈ ತೊಟ್ಟು ಅದುವರೆಗೆ ಇಂಗ್ಲಿಷಿನಲ್ಲೇ ಮಾತನಾಡಿದ್ದ ಇನ್‌ಸ್ಪೆಕ್ಟರು ತಟ್ಟೆಯ ಮೇಲೆ ಬಗ್ಗಿದರು. ಹುಳುಗಳು ತಲೆ ಎತ್ತಿ ಹಿಡಿದಿದ್ದುದನ್ನು ಕಂಡು ನಕ್ಕುಬಿಟ್ಟರು.

“ಸತ್ತಿಲ್ಲ ಕಣಮ್ಮ, ಜ್ವರಕ್ಕೆ ಕುಂತವೆ! ಪೊರೆ ಬುಡೋವಾಗ ಇಂಗೇ, ಮೇವು ಮುಟ್ಟಾಕಿಲ್ಲ. ಇಂಥ ಒತ್ನಲ್ಲಿ ನಮ್ಮವ್ವ ನಮ್ಗೆ ಕೆಮ್ಮಕ್ಕೂ ಬುಡ್ತಿರ್ಲಿಲ್ಲ. ನಾಳೆ ನೋಡಿ, ನಿಮ್ಮ ಐಕಳಿಗಿಂತ ಜಾಸ್ತಿ ತಿಂತವೆ. ಮ್ಯಾಲಿನವ್ರಿಗೆ ಇದೆಲ್ಲ ತಿಳಿಯಾಕಿಲ್ಲ, ನಾ ನೋಡ್ಕೋತೀನಿ.”

ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಇಡೀ ತರಗತಿಯೇ ನಕ್ಕಿತು. ಮರುದಿನ ಹುಳುಗಳು ಸೊಪ್ಪಿಗೆ ಬಾಯಿ ಹಾಕಿದವು.

ಮೊನ್ನೆ ಅದೇ ತನಿಖಾ ಪುಸ್ತಕದಲ್ಲಿ, ಅದೇ ದಿನಾಂಕದ ಕೆಳಗೆ, ಇನ್‌ಸ್ಪೆಕ್ಟರು ಬರೆದ ಷರಾ ಓದಿದೆ: “ಹುಳುಗಳು ಚುರುಕಾಗಿ ಸೊಪ್ಪು ತಿನ್ನುತ್ತಿರುವುದನ್ನು ಖುದ್ದಾಗಿ ಕಂಡೆ. ಅನುದಾನ ಮುಂದುವರಿಸಬಹುದು.” ನನಗೆ ಸ್ಪಷ್ಟವಾಗಿ ನೆನಪಿದೆ: ಅಂದು ಒಂದೇ ಒಂದು ಹುಳುವೂ ಬಾಯಿ ತೆರೆದಿರಲಿಲ್ಲ.