ಚಿಗವ್ವ ನೋಡಿದ ನನ್ನ ರಕ್ತ

ನಿನ್ನೆ ಸಂಜೆ ಶಾಲೆಯಿಂದ ಬರುವಾಗ ನಮ್ಮ ಓಣಿಯ ಕೊನೆಯ ಮನೆಯವರು ಪಪ್ಪಾಯಿ ಗಿಡದ ಎಲೆಗಳನ್ನು ಸವರಿ ಹಾಕುತ್ತಿದ್ದರು. ಹಸಿ ಕಾಂಡದ ಹಾಲಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ನಾಲಿಗೆಯೆಲ್ಲ ಕಹಿಯಾಯಿತು, ಹಿಂದೆಯೇ ನಗು ಉಕ್ಕಿ ಬಂತು. ನಡುರಸ್ತೆಯಲ್ಲಿ ಒಬ್ಬಳೇ ನಿಂತು ನಗುವ ಗಣಿತದ ಶಿಕ್ಷಕಿಯನ್ನು ನರಗುಂದದ ಜನ ಹೇಗೆ ನೋಡುತ್ತಾರೆಂಬುದನ್ನು ನೀವೇ ಊಹಿಸಿಕೊಳ್ಳಿ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಸೈಕಲ್ ನಿಲ್ಲಿಸಿ, "ಏನಾತ್ರಿ ಅಕ್ಕಾರ?" ಎಂದು ಕೇಳಿದಳು. ಏನಿಲ್ಲ ಎಂದು ಕಳಿಸಿದೆ. ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ನನಗೆ ಲೂಪಸ್ ಎಂಬ ಕಾಯಿಲೆ ಇದೆ. ಹತ್ತಿರ ಕುಳಿತುಕೊಳ್ಳಿ, ಅದು ಅಂಟುವುದಿಲ್ಲ. ಆರು ವರ್ಷದ ಹಿಂದೆ ಬೆರಳಿನ ಗೆಣ್ಣುಗಳು ಬಾತು, ಸೀಮೆಸುಣ್ಣ ಹಿಡಿಯಲಾಗದೆ ಹುಬ್ಬಳ್ಳಿಯ ಡಾಕ್ಟರಮ್ಮನ ಮುಂದೆ ಕುಳಿತಾಗ ಅವರು ಸಮಾಧಾನದಿಂದ ವಿವರಿಸಿದ್ದರು: ರೋಗದ ವಿರುದ್ಧ ಹೋರಾಡಬೇಕಾದ ಶಕ್ತಿಯೇ ತಪ್ಪು ತಿಳಿದು ನಮ್ಮ ಮೈಯ ಮೇಲೆ ಬೀಳುತ್ತದೆ ಎಂದು. ಇದನ್ನು ನಾನು ಗಜೇಂದ್ರಗಡದ ಚಿಗವ್ವನಿಗೆ ಹೇಳಿದೆ. ಚಿಗವ್ವ ಎಂದರೆ ನನ್ನ ಅವ್ವನ ತಂಗಿ; ಮದುವೆಯಾಗಿ ಹೋದ ವರ್ಷದಿಂದ ಇಂದಿನವರೆಗೂ ಕೈಮಗ್ಗದ ಮುಂದೆ ಕುಳಿತು ಸೀರೆ ನೇಯುವವಳು. ಲಾಳಿ ನಿಲ್ಲಿಸದೆಯೇ ಕೇಳಿಸಿಕೊಂಡು ಹೇಳಿದಳು:

"ಅಂದ್ರ ಮನಿ ಕಾಯೋ ನಾಯಿ ಮನ್ಯಾಗಿನವ್ರನ್ನ ಕಡ್ಯಾಕತ್ತೇತಿ. ಅದಕ್ಕ ಕಣ್ಣ ಮಂದ ಆಗಿರಬೇಕ ಬಿಡವಾ."

ಡಾಕ್ಟರಮ್ಮನ ಅರ್ಧ ಗಂಟೆಯ ಪಾಠ ಎರಡು ಮಾತಿಗೆ ಮುಗಿದಿತ್ತು.

ಅಂದಿನಿಂದ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ನನಗೆ ಹಬ್ಬದ ಹಾಗೆ ತಪ್ಪದೆ ಬರುತ್ತದೆ. ಜನ್ಮತಃ ಅಂಕಿಗಳ ಹುಚ್ಚಿಯಾದ ನಾನು ಆ ವರದಿಗಳನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದು, ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದು, ಏರಿದ್ದಕ್ಕೆ ಕೆಂಪು, ಇಳಿದದ್ದಕ್ಕೆ ಹಸಿರು ಬಳಿದಿಡುತ್ತಿದ್ದೆ. ನಮ್ಮ ಮನೆಯವರು, ಅಂದರೆ ನನ್ನ ಗಂಡ, ಅದನ್ನು ನನ್ನ ಜಾತಕ ಎಂದು ಕರೆಯುತ್ತಿದ್ದರು. ಬೆಳಿಗ್ಗೆ ಎದ್ದಾಗ ಮೈ ಹೇಗಿದೆ ಎಂದು ಯಾರಾದರೂ ಕೇಳಿದರೆ ನಾನು ಆ ನೋಟುಬುಕ್ಕು ತೆಗೆದು ನೋಡುತ್ತಿದ್ದೆ ಎಂದರೆ ನೀವು ನಂಬಬೇಕು.

ಮೂರು ವರ್ಷದ ಹಿಂದಿನ ಒಂದು ಸೋಮವಾರ. ಶಾಲೆ ಬಿಡುವ ಹೊತ್ತಿಗೆ ಮೊಬೈಲಿಗೆ ವರದಿ ಬಂತು. ಎಲ್ಲ ಎಂದಿನಂತೆಯೇ ಇತ್ತು, ಪ್ಲೇಟ್ಲೆಟ್ ಒಂದನ್ನು ಬಿಟ್ಟು. ಗಾಯವಾದಾಗ ರಕ್ತ ನಿಲ್ಲಿಸುವ ಆ ಸಣ್ಣ ಕಣಗಳು ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕು. ನನ್ನವು ಒಂಬತ್ತು ಸಾವಿರ ಇದ್ದವು.

ಡಾಕ್ಟರಮ್ಮ ಫೋನಿನಲ್ಲಿ, "ನಿಮ್ಮ ಕಾಯಿಲೆಯಲ್ಲಿ ಹೀಗಾಗುವುದುಂಟು. ನಾಳೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಹಾಗೇ ಇದ್ದರೆ ಬುಧವಾರ ಬಂದು ಅಡ್ಮಿಟ್ ಆಗಿ. ಅಲ್ಲಿಯವರೆಗೆ ಪೆಟ್ಟಾಗದಂತೆ ನೋಡಿಕೊಳ್ಳಿ" ಎಂದರು.

ಈ ಕೊನೆಯ ಮಾತು ನಮ್ಮ ಮನೆಯವರ ಕಿವಿಗೆ ಬೀಳಬಾರದಿತ್ತು. ಅವರು ಚಾಕು ಬಚ್ಚಿಟ್ಟರು. ಈಳಿಗೆ ಬಚ್ಚಿಟ್ಟರು. ಹಲ್ಲುಜ್ಜುವ ಬ್ರಷ್ ಕಿತ್ತುಕೊಂಡು ಬೆರಳಿನಲ್ಲಿ ಉಜ್ಜಿಕೋ ಎಂದರು. ನನ್ನ ಜಾಮಿಟ್ರಿ ಡಬ್ಬಿಯಿಂದ ಕೈವಾರವೂ ಕಾಣೆಯಾಯಿತು. ನಾನಾದರೂ ಕಡಿಮೆಯೇ? ಅಂತರ್ಜಾಲದಲ್ಲಿ ಓದಬಾರದ್ದನ್ನೆಲ್ಲ ಓದಿ, ಮಿದುಳಿನಲ್ಲಿ ರಕ್ತ ಒಸರಬಹುದೆಂದು ಹೆದರಿ, ತಲೆಯ ಮೇಲೆ ತುಂಬಿದ ಕೊಡ ಇಟ್ಟುಕೊಂಡವಳ ಹಾಗೆ ಮನೆಯಲ್ಲಿ ನಡೆದಾಡಿದೆ. ಸೀನು ಬಂದರೆ ತಡೆದುಕೊಂಡೆ.

ಮಂಗಳವಾರ ಬೆಳಿಗ್ಗೆ ಮತ್ತೆ ರಕ್ತ ಕೊಟ್ಟು ಮನೆಗೆ ಬರುವಷ್ಟರಲ್ಲಿ ಚಿಗವ್ವ ಬಾಗಿಲಲ್ಲಿದ್ದಳು. ನಮ್ಮ ಮನೆಯವರ ಫೋನು ಹೋದದ್ದೇ ಮೊದಲ ಬಸ್ಸು ಹತ್ತಿದ್ದಳು. ಕಂಕುಳಲ್ಲಿ ಒಂದು ಹೊರೆ ಪಪ್ಪಾಯಿ ಎಲೆ. ಬಸ್ಸಿನವರು ಇದು ಯಾವ ದನಕ್ಕೆ ಎಂದು ಕೇಳಿದ್ದರಂತೆ. "ನನ್ನ ಮಗಳಿಗ್ರಿ" ಎಂದಿದ್ದಳಂತೆ.

ಪ್ಲೇಟ್ಲೆಟ್ ಏರುತ್ತವೆಂದು ಅವಳು ಆ ಎಲೆ ಅರೆದು ಹಿಂಡಿದ ರಸದ ರುಚಿಯನ್ನು ನಾನು ವರ್ಣಿಸಲಾರೆ. ಬೇವಿನ ರಸ ಅದರ ಮುಂದೆ ಪಾಯಸ. ಒಂದು ಲೋಟ ಕುಡಿದು ನಾನು ಗೋಡೆ ಹಿಡಿದು ನಿಂತಿದ್ದಾಗಲೇ ಎರಡನೆಯ ವರದಿ ಬಂತು: ಹನ್ನೊಂದು ಸಾವಿರ. ರಕ್ತ ಕೊಟ್ಟದ್ದು ರಸ ಕುಡಿಯುವುದಕ್ಕೂ ಮೊದಲು ಎಂದು ನಾನು ಎಷ್ಟು ಹೇಳಿದರೂ ಚಿಗವ್ವ ಒಪ್ಪಲಿಲ್ಲ.

"ಎರಡ ಸಾವಿರ ಏರ್ಯಾವ. ಎಲಿ ಮನಿಯೊಳಗ ಬಂದಿದ್ದಕ್ಕ ಏರ್ಯಾವ. ಇನ್ನೊಂದ ಗ್ಲಾಸ್ ಕುಡಿ."

ಆದರೆ ಡಾಕ್ಟರಮ್ಮನಿಗೆ ಹನ್ನೊಂದು ಸಾವಿರ ಸಾಲಲಿಲ್ಲ. ನಾಳೆ ಬನ್ನಿ ಎಂದರು. ಅಂದು ಸಂಜೆ ನಾನು ಚೀಲ ತುಂಬಿಕೊಳ್ಳುತ್ತಿದ್ದೆ. ದಾರಿಗೆ ಅವಲಕ್ಕಿ ಕಟ್ಟಿಕೊಳ್ಳೋಣವೆಂದು ತಗಡಿನ ಡಬ್ಬಿ ತೆರೆಯುವಾಗ ಮುಚ್ಚಳದ ಅಂಚು ಹೆಬ್ಬೆರಳನ್ನು ಸರಕ್ಕನೆ ಕೊಯ್ದಿತು. ಮನೆಯ ಆಯುಧಗಳನ್ನೆಲ್ಲ ಬಚ್ಚಿಟ್ಟವರಿಗೆ ಅವಲಕ್ಕಿ ಡಬ್ಬಿ ಹೊಳೆದಿರಲಿಲ್ಲ.

ಮೂವರೂ ನಿಂತಲ್ಲೇ ನಿಂತೆವು. ಕೆಂಪು ಹನಿ ಅವಲಕ್ಕಿಯ ಮೇಲೆ ಬಿತ್ತು. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಎಸ್ಸೆಸ್ಸೆಲ್ಸಿ ಹುಡುಗರಿಗೆ ತ್ರಿಕೋನಮಿತಿ ಇನ್ನೂ ಶುರು ಮಾಡಿಲ್ಲವಲ್ಲ ಎಂಬುದೇ ನನ್ನ ಕೊನೆಯ ವಿಚಾರವಾಗಲಿದೆಯಲ್ಲ ಎಂದು ಬೇಸರವೂ ಆಯಿತು. ಚಿಗವ್ವ ಸೆರಗಿನಿಂದ ಬೆರಳನ್ನು ಗಟ್ಟಿ ಒತ್ತಿ ಹಿಡಿದಳು. ನಮ್ಮ ಮನೆಯವರು ಗಡಿಯಾರ ನೋಡುತ್ತ ನಿಂತರು. ಎರಡು ನಿಮಿಷಕ್ಕೆ ಸೆರಗು ತೆಗೆದರೆ ರಕ್ತ ನಿಂತಿತ್ತು. ಚಿಗವ್ವ ಬೆರಳನ್ನು ದೀಪದ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಅಲ್ಲ, ರಕ್ತ ನಿಲ್ಸೋವು ಖಾಲಿ ಆಗ್ಯಾವಂದ್ರ ಇದನ್ನ ನಿಲ್ಸಿದವರ್ಯಾರು?"

ಗಣಿತದಲ್ಲಿ ಎಂ.ಎಸ್ಸಿ. ಮಾಡಿದ ನನಗೆ ಹೊಳೆಯದ ಪ್ರಶ್ನೆ ಅದು. ಮೈಮೇಲೆ ಒಂದು ನೀಲಿ ಕಲೆ ಇಲ್ಲ, ಒಸಡಿನಲ್ಲಿ ರಕ್ತ ಇಲ್ಲ. ಎರಡು ದಿನದಿಂದ ನಾನು ವರದಿಯನ್ನು ನೂರು ಸಲ ನೋಡಿದ್ದೆ, ನನ್ನನ್ನು ಒಮ್ಮೆಯೂ ನೋಡಿಕೊಂಡಿರಲಿಲ್ಲ. ಡಾಕ್ಟರಮ್ಮನಿಗೆ ಫೋನು ಮಾಡಿ ಇದನ್ನು ಹೇಳಿದೆ. ಅವರು ಕೇಳಿದರು:

"ರಕ್ತವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ಯಾರಾದರೂ ನೋಡಿದ್ದಾರಾ?"

"ಇಲ್ರಿ. ಯಂತ್ರ ಮಾತ್ರ ಎಣಿಸೇತಿ."

"ಬೆಳಿಗ್ಗೆ ಮೊದಲು ಅದನ್ನು ಮಾಡಿಸಿ. ನೀಲಿ ಮುಚ್ಚಳದ ನಳಿಗೆಯಲ್ಲೂ ಒಮ್ಮೆ ಎಣಿಸಲು ಹೇಳಿ. ಆಮೇಲೆ ನನಗೆ ಫೋನು ಮಾಡಿ."

ರೋಣದ ಲ್ಯಾಬಿನಲ್ಲಿ ಹಾಗೆ ಕಣ್ಣಿಟ್ಟು ನೋಡುವ ಹಿರಿಯರೊಬ್ಬರು ಇದ್ದಾರೆಂದು ಚಿಗವ್ವನಿಗೆ ಗೊತ್ತಿತ್ತು. ಬುಧವಾರ ಬೆಳಿಗ್ಗೆ ಇಬ್ಬರೂ ರೋಣದ ಬಸ್ಸು ಹತ್ತಿದೆವು. ಚಿಗವ್ವ ದಾರಿಯುದ್ದಕ್ಕೂ ನನ್ನ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡು ಕಿಟಕಿಯ ಹೊರಗಿನ ಜೋಳದ ಹೊಲಗಳನ್ನು ನೋಡುತ್ತ ಕುಳಿತಿದ್ದಳು. ಎಷ್ಟು ಹೆದರಿದ್ದಾಳೆಂದು ಆಗ ನನಗೆ ತಿಳಿಯಿತು.

ಆ ಹಿರಿಯರು ಎಂದಿನ ನೇರಳೆ ಮುಚ್ಚಳದ ನಳಿಗೆಗೊಂದಿಷ್ಟು, ನೀಲಿ ಮುಚ್ಚಳದ್ದಕ್ಕೊಂದಿಷ್ಟು ರಕ್ತ ತೆಗೆದುಕೊಂಡರು. ಬೆರಳು ಚುಚ್ಚಿ ನೇರವಾಗಿ ಒಂದು ಗಾಜಿನ ಮೇಲೂ ಸವರಿದರು. ನಮ್ಮನ್ನು ಚಹಾಕ್ಕೆ ಕಳಿಸಿದರು. ತಿರುಗಿ ಬಂದಾಗ ಸೂಕ್ಷ್ಮದರ್ಶಕದ ಮೇಲೆ ಬಾಗಿ ತಮ್ಮಷ್ಟಕ್ಕೆ ನಗುತ್ತಿದ್ದರು.

"ಬರ್ರಿ ಅಕ್ಕಾರ, ನೋಡ್ರಿ. ಇದು ನೇರಳೆ ನಳಿಗಿದು."

ನನಗಿಂತ ಮೊದಲು ಚಿಗವ್ವ ಕಣ್ಣಿಟ್ಟಳು. "ನೂಲು ಗಂಟ ಬಿದ್ದಂಗ ಕಾಣತೈತ್ರಿ ಅಣ್ಣಾರ. ಅಲ್ಲಲ್ಲೆ ಮುದ್ದಿ ಕಟ್ಟೇತಿ."

"ಬರೋಬರಿ ಹೇಳಿದ್ರಿ. ಆ ನಳಿಗ್ಯಾಗ ರಕ್ತ ಹೆಪ್ಪುಗಟ್ಟಬಾರದಂತ ಒಂದು ಔಷಧ ಇರತೈತಿ. ಕೆಲವೊಬ್ಬರ ಪ್ಲೇಟ್ಲೆಟ್ ಅದನ್ನ ಕಂಡಕೂಡ್ಲೆ ಒಂದಕ್ಕೊಂದು ಅಂಟಿಕೊಂಡ ಬಿಡ್ತಾವ. ಮುದ್ದಿಯಾದ್ದನ್ನ ಯಂತ್ರ ಎಣಿಸೂದಿಲ್ಲ. ಈಗ ಬೆರಳಿಂದು ನೋಡ್ರಿ. ಔಷಧ ಮುಟ್ಟಿಲ್ಲ ಇದಕ್ಕ."

ಈ ಸಲ ನಾನು ನೋಡಿದೆ. ಸಣ್ಣ ಸಣ್ಣ ನೇರಳೆ ಚುಕ್ಕೆಗಳು ಎಲ್ಲೆಡೆ ಚೆಲ್ಲಿಕೊಂಡಿದ್ದವು. ಬೇಕಾದಷ್ಟು ಇದ್ದವು. ಬೇರೆ ಔಷಧವಿರುವ ನೀಲಿ ನಳಿಗೆಯ ಎಣಿಕೆ ಬಂತು: ಎರಡು ಲಕ್ಷ ನಲವತ್ತು ಸಾವಿರ.

"ನಿಮ್ಮ ಮೈಯಾಗ ಏನೂ ಕಡಿಮಿ ಆಗಿಲ್ರಿ. ನಳಿಗ್ಯಾಗ ಅಷ್ಟ ಗದ್ದಲ" ಎಂದರು ಅವರು.

ಮೊದಲು ನಕ್ಕವಳು ಚಿಗವ್ವ. ಆಮೇಲೆ ನಾನು. ಬಸ್ ನಿಲ್ದಾಣದವರೆಗೂ ನಗುತ್ತ ಹೋಗಿ, ಬಿಸಿ ಮಿರ್ಚಿ ಭಜಿ ತರಿಸಿ, ಖಾರಕ್ಕೋ ನಗುವಿಗೋ ತಿಳಿಯದೆ ಕಣ್ಣೀರು ಒರೆಸಿಕೊಂಡೆವು. ಮೂರು ದಿನದಿಂದ ತಡೆದ ಸೀನುಗಳನ್ನೆಲ್ಲ ಒಟ್ಟಿಗೆ ಸೀನಿದೆ. ಮನೆಗೆ ಫೋನು ಮಾಡಿ ಸಂಖ್ಯೆ ಹೇಳಿದರೆ ನಮ್ಮ ಮನೆಯವರು, "ಚಾಕು ಎಲ್ಲಿಟ್ಟೀನಿ ನೆನಪಾಗವಲ್ದು" ಎಂದರು. ಡಾಕ್ಟರಮ್ಮ ಅಡ್ಮಿಷನ್ ರದ್ದು ಮಾಡಿ, ಇನ್ನು ಮೇಲೆ ನೀಲಿ ನಳಿಗೆಯಲ್ಲೇ ಎಣಿಸಬೇಕೆಂದು ನನ್ನ ಕಡತದ ಮೇಲೆ ಬರೆಸಿದರು. ನನ್ನ ಕಾಯಿಲೆಗೂ ಇದಕ್ಕೂ ಸಂಬಂಧವಿದೆಯೇ ಎಂದು ಕೇಳಿದೆ. "ಇರಬಹುದು, ಇಲ್ಲದೆಯೂ ಇರಬಹುದು" ಎಂದರು. ಆ ಉತ್ತರಕ್ಕೂ ನನಗೆ ನಗು ಬಂತು.

ಲೂಪಸ್ ಎಲ್ಲಿಗೂ ಹೋಗಿಲ್ಲ. ಚಳಿಗಾಲದಲ್ಲಿ ಬೆರಳುಗಳು ಊದುತ್ತವೆ, ಮಾತ್ರೆ ನಡೆದಿದೆ. ಅರ್ಥವಾಗದ ಅಂಕಿಗಳು ಈಗಲೂ ಬರುತ್ತವೆ. ನಿನ್ನೆ ಆ ಪಪ್ಪಾಯಿ ಗಿಡ ದಾಟಿ ಮನೆಗೆ ಬಂದಾಗಲೂ ಒಂದು ವರದಿ ಕಾದಿತ್ತು; ಒಂದು ಅಂಕಿಯ ಪಕ್ಕದಲ್ಲಿ ಎಚ್ಚರಿಕೆಯ ಎರಡು ನಕ್ಷತ್ರ. ಅದನ್ನು ಡಾಕ್ಟರಮ್ಮನಿಗೆ ಕಳಿಸಿದೆ, ನಾಳೆ ನೋಡಿ ಹೇಳುತ್ತೇನೆ ಎಂದರು. ಅಂತರ್ಜಾಲ ತೆರೆಯಲಿಲ್ಲ. ಒಲೆಯ ಮೇಲೆ ಹೆಂಚಿಟ್ಟು ಹಿಟ್ಟು ನಾದುತ್ತಿದ್ದಾಗ ಚಿಗವ್ವನ ಫೋನು ಬಂತು.

"ರಕ್ತ ಏನಂತೈತಿ?"

"ಇನ್ನೂ ತಿಳಿದಿಲ್ಲ ಚಿಗವ್ವ. ನಾಳೆ ಹೇಳ್ತಾರಂತ."

"ಅದು ನಾಳೆ ಹೇಳ್ಲಿ. ನೀ ಏನಂತಿ?"

ನಾನು ಒಂದು ಕ್ಷಣ ನಿಂತು ನನ್ನನ್ನು ಕೇಳಿಕೊಂಡೆ.

"ಹಸಿವ್ಯಾಗೇತಿ" ಎಂದೆ.