ಸತ್ತ ಮೇಲೆ ಬಂದ ಆಯೇರಿ

ಬಬಲೇಶ್ವರದ ನಾಟಕದಲ್ಲಿ ನಾನು ಆಗಷ್ಟೇ ಗುಂಡು ತಿಂದು ಸತ್ತಿದ್ದೆ. ತಂಗಿಯ ಪಾತ್ರದವಳು ನನ್ನ ಎದೆ ಮೇಲೆ ಬಿದ್ದು ಅಳುತ್ತಿದ್ದಳು. ಅಷ್ಟರಲ್ಲಿ ತಿಕೋಟಾದಿಂದ ಬಂದಿದ್ದ ನನ್ನ ಮಾವ ಹೂಮಾಲೆ, ಟವೆಲ್ ಹಿಡಿದು ವೇದಿಕೆ ಹತ್ತಿದರು. ಮೆಚ್ಚಿದ ನಟನಿಗೆ ನಾಟಕದ ನಡುವೆಯೇ ಮಾಲೆ ಹಾಕಿ, ಉಡುಗೊರೆ ಕೊಟ್ಟು ಆಯೇರಿ ಮಾಡುವುದು ನಮ್ಮ ಕಡೆಯ ಪದ್ಧತಿ. ಹೆಣವಾದವನಿಗೂ ವಿನಾಯಿತಿ ಇಲ್ಲ.

ನಾನು ಕಣ್ಣು ಬಿಡಲಿಲ್ಲ. ತಿಂಗಳುಗಟ್ಟಲೆ ಉಸಿರು ಹಿಡಿದು ಕಲಿತ ಸಾವು ಅದು.

"ಏಳ್ರಿ ಅಳಿಯಾರ, ಮಾಲಿ ಹಾಕಿಸ್ಕೊಂಡು ಮತ್ತ ಸಾಯ್ರಿ. ನನಗ ಬಸ್ ತಪ್ಪತೈತಿ," ಎಂದರು, ಮೈಕಿನಲ್ಲೇ.

ಎದ್ದೆ. ಹಲ್ಲು ಕಿರಿದು ಫೋಟೊ ತೆಗೆಸಿಕೊಂಡೆ. ಮತ್ತೆ ಸತ್ತೆ. ಎರಡನೇ ಸಾವಿಗೇ ಚಪ್ಪಾಳೆ ಹೆಚ್ಚು ಬಿತ್ತು.

ಈಗ ಹೊಸ ಹವ್ಯಾಸಿ ನಟರು ಸಲಹೆ ಕೇಳಿದರೆ ಅಭಿನಯದ ಮಾತೇ ಎತ್ತುವುದಿಲ್ಲ. ಬೀಗರೆಲ್ಲ ಆಯೇರಿ ಮಾಡಿ ಮುಗಿಸಿದ ಮೇಲಷ್ಟೇ ಸಾಯಿರಿ ಎನ್ನುತ್ತೇನೆ.