ಮೆಟ್ಟಿಲ ಕೆಳಗಿನ ಬ್ಯಾರಲ್ಲು

ಇಳಕಲ್ಲಿನ ಆ ಓಣಿಯಲ್ಲಿ ದಸ್ತಗೀರಬಿಯ ಮನೆ ಯಾವುದು ಅಂತ ಯಾರನ್ನೂ ಕೇಳಬೇಕಾಗಿಲ್ಲ. ಬಾಗಿಲ ಮುಂದೆ ನೀಲಿ ಡ್ರಮ್ಮುಗಳು, ಕಿಟಕಿಯ ಕೆಳಗೆ ಸಾಲಾಗಿ ಕೊಡಗಳು, ಬಚ್ಚಲಲ್ಲಿ ಹಂಡೆ, ಅಡುಗೆಮನೆಯಲ್ಲಿ ಬಿಂದಿಗೆ. ಅಷ್ಟೂ ಸಾಲದೆ ಎಣ್ಣೆ ಡಬ್ಬಿಗಳಲ್ಲಿ, ಮದುವೆ ಮನೆಗಳಿಂದ ಆರಿಸಿ ತಂದ ಖಾಲಿ ಬಾಟಲಿಗಳಲ್ಲಿ ಕೂಡ ನೀರು. ಆ ಮನೆಯಲ್ಲಿ ನೀರು ತುಂಬದೆ ಉಳಿದ ಸಾಮಾನು ಅಂದರೆ ಜರಡಿ ಒಂದೇ ಅಂತ ಓಣಿಯ ಹೆಂಗಸರು ಆಡಿಕೊಂಡು ನಗುತ್ತಿದ್ದರು. ನಗಲಿ ಬಿಡಿ, ನಳ ಬಾರದ ವಾರ ಅವರೇ ಕೊಡ ಹಿಡಿದು ಅವಳ ಬಾಗಿಲಿಗೆ ಬರುತ್ತಿದ್ದರು.

ಅವಳ ಕಸುಬು ಕಂಡಿಕೆ ಸುತ್ತುವುದು. ಮಗ್ಗದವರು ಕೊಟ್ಟ ನೂಲನ್ನು ರಾಟೆ ತಿರುಗಿಸಿ ಸಣ್ಣ ಕಂಡಿಕೆಗಳಿಗೆ ಸುತ್ತಿಕೊಡಬೇಕು, ಅವು ಲಾಳಿಯೊಳಗೆ ಕೂತು ಸೀರೆಯ ಹೊಕ್ಕು, ಅಂದರೆ ಅಡ್ಡನೂಲು, ಆಗುತ್ತವೆ. ಕೈ ರಾಟೆಯ ಮೇಲಿದ್ದರೂ ಅವಳ ಕಿವಿ ನಳದ ಮೇಲೆ. ನೀರಿಗಿಂತ ಮೊದಲು ನಳ ಗಾಳಿ ಬಿಡುತ್ತದಲ್ಲ, ಆ ಸುಸ್ ಅನ್ನುವ ಸದ್ದು ಕೇಳಿದರೆ ಸಾಕು, ನೂಲು ಹರಿದರೆ ಹರಿಯಲಿ ಅಂತ ಎದ್ದು ಓಡುವಳು. ಎಷ್ಟೋ ಸಲ ಅದು ನಳವೇ ಆಗಿರುತ್ತಿರಲಿಲ್ಲ, ಪಕ್ಕದ ಮನೆಯ ಕುಕ್ಕರ್ ಆಗಿರುತ್ತಿತ್ತು.

ಗಂಡ ಮಲೀಕಸಾಬನದು ತದ್ವಿರುದ್ಧ. ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಸೈಕಲ್ ರಿಪೇರಿ ಅಂಗಡಿ. ಗಿರಾಕಿ ಬಂದರೆ ಪಂಕ್ಚರು, ಬಾರದಿದ್ದರೆ ಕೈಯಲ್ಲಿ ತಸ್ಬಿಯ ಜಪಮಣಿ, ಅದೂ ಬೇಸರವಾದರೆ ಗೋಡೆಗೊರಗಿ ಗೊರಕೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರಲ್ಲ, ಅದು ಇವನನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

“ಯಾಕ ಹಿಂಗ ಒದ್ದಾಡ್ತೀ?” ಅನ್ನುವನು. “ಹುಟ್ಟಿಸಿದಾಂವ ಹುಲ್ಲು ಮೇಯಸ್ತಾನೇನು? ಕೊಡಾಂವ ಮ್ಯಾಲೆ ಅದಾನ.”

“ಕೊಡಾಂವ ಮ್ಯಾಲೆ ಅದಾನ, ಖರೆ. ಹಿಡಿಯಾಕಿ ಕೆಳಗ ಇರಬೇಕಲ್ಲ? ಐದೂ ಹೊತ್ತು ನಮಾಜಿಗೆ ಕೈಕಾಲು ತೊಳಕೊಂತೀರಿ, ಆ ನೀರೇನು ಮಿನಾರದಿಂದ ಇಳದು ಬರ್ತಾವೇನ್ರಿ?”

ಮಲೀಕಸಾಬ ನಕ್ಕು ಟೋಪಿ ಹಾಕಿಕೊಂಡು ಹೋಗುವನು. ಅವನ ನಂಬಿಕೆ ನಿಂತದ್ದು ಇವಳು ತುಂಬಿಟ್ಟ ಹಂಡೆಯ ಪಕ್ಕದಲ್ಲಿ ಅನ್ನುವುದೇನೂ ಸುಳ್ಳಲ್ಲ.

ಶಿರೂರಿನಿಂದ ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಹೀಗಿರಲಿಲ್ಲ. ಕಡು ಬೇಸಿಗೆಯಲ್ಲಿ ಒಮ್ಮೆ ಎಲ್ಲೋ ಪೈಪು ಒಡೆದು ನಳ ನಿಂತಿತ್ತು, ಅದೇ ವಾರ ಅತ್ತೆ ತೀರಿಕೊಂಡಳು. ಸತ್ತವರಿಗೆ ಕೊನೆಯ ಸ್ನಾನ, ಅಂದರೆ ಗುಸಲ್, ಮಾಡಿಸದೆ ಮಣ್ಣಿಗೆ ಒಯ್ಯುವಂತಿಲ್ಲ. ಮನೆಯಲ್ಲಿದ್ದ ನೀರು ಒಂದು ತಂಬಿಗೆಗೂ ಸಾಲದು. ಹೊಸ ಸೊಸೆ ಕೊಡ ಹಿಡಿದು ಬಾಗಿಲು ಬಾಗಿಲಿಗೆ ನಿಂತಳು. ಕೆಲವರು ಖರೇನೇ ಇಲ್ಲ ಅಂದರು, ಕೆಲವರು ಬಾಗಿಲೇ ತೆರೆಯಲಿಲ್ಲ. ಕೊನೆಗೆ ಓಣಿಯ ತಿರುವಿನ ಮನೆಯ ಸಾಲಿ ಬಾಯಾರು, ಅಂದರೆ ಶಾಲೆಯ ಶಿಕ್ಷಕಿ ತುಳಸೀಬಾಯಿ, ತಮ್ಮ ಬಚ್ಚಲ ಹಂಡೆಯನ್ನೇ ಬರಿದು ಮಾಡಿ ಕೊಟ್ಟರು. ಸ್ನಾನವಾಯಿತು, ಮಣ್ಣೂ ಆಯಿತು. ಆದರೆ ಸತ್ತ ಜೀವವನ್ನು ನೀರಿಗಾಗಿ ಕಾಯಿಸಿದೆವಲ್ಲ ಅನ್ನುವುದು ದಸ್ತಗೀರಬಿಯ ಎದೆಯಲ್ಲಿ ಮುಳ್ಳಾಗಿ ಕೂತುಬಿಟ್ಟಿತು.

ಆಮೇಲೆ ಬಂದದ್ದೇ ಮೆಟ್ಟಿಲ ಕೆಳಗಿನ ಬ್ಯಾರಲ್ಲು. ಮೇಲೆ ಗೋಣಿಚೀಲ, ಚೀಲದ ಮೇಲೆ ಕಂಡಿಕೆ ಬುಟ್ಟಿ. ಅದರ ನೀರನ್ನು ಯಾರೂ ಮುಟ್ಟುವಂತಿಲ್ಲ. ಯಾಕೆ ಅಂತ ಅವಳು ಯಾರಿಗೂ ಹೇಳಲಿಲ್ಲ, ಬಾಯಿಬಿಟ್ಟು ಹೇಳುವ ಮಾತೂ ಅದಲ್ಲ. ಮನೆಯಲ್ಲಿ ಯಾರಾದರೂ ಕಣ್ಣು ಮುಚ್ಚಿದರೆ ಇನ್ನೊಮ್ಮೆ ಮಂದಿಯ ಬಾಗಿಲಿಗೆ ಹೋಗಬಾರದು, ಅಷ್ಟೇ. ನಳ ಬಂದ ದಿನ ಎಲ್ಲರಂತೆ ಅವಳೂ ಹಳೆಯ ನೀರು ಚೆಲ್ಲಿ, ಪಾತ್ರೆ ತಿಕ್ಕಿ, ಹೊಸ ನೀರು ತುಂಬುವಳು. ಈ ಬ್ಯಾರಲ್ಲನ್ನು ಮಾತ್ರ ಚೆಲ್ಲುತ್ತಿರಲಿಲ್ಲ. ಚೆಲ್ಲಿದ ಮೇಲೆ ನಳ ನಿಂತುಬಿಟ್ಟರೆ? ಅದಕ್ಕೇ ಹಳೆಯದರ ಮೇಲೆ ಹೊಸದನ್ನು ಸುರಿದು ಗೋಣಿ ಮುಚ್ಚಿಬಿಡುವಳು.

ಮಳೆಗಾಲ ಬಂತೆಂದರೆ ಆಶಾ ಕಾರ್ಯಕರ್ತೆ ನೀಲಾಬಾಯಿ ಟಾರ್ಚ್ ಹಿಡಿದು, ಬಾಟಲಿಯಲ್ಲಿ ಹಾಕಿದ ಸೊಳ್ಳೆಯ ಹುಳ ತೋರಿಸುತ್ತ ಮನೆಮನೆ ತಿರುಗುತ್ತಾಳೆ. ಈ ವರ್ಷವೂ ಬಂದಳು.

“ಚಾಚಿ, ವಾರಕ್ಕೊಮ್ಮಿ ಎಲ್ಲಾ ಖಾಲಿ ಮಾಡಿ ಒಣಗಸ್ರಿ. ಡೆಂಗಿ ಸೊಳ್ಳಿ ಚೊಕ್ಕ ನೀರಾಗ ಹುಟ್ಟತಾವು. ಮತ್ತೆಲ್ಲೆರ ತುಂಬಿಟ್ಟೀರೇನು?”

“ಇಷ್ಟ ನೋಡವ್ವ. ಇನ್ನೆಲ್ಲಿ ಇಡ್ಲಿ, ನನ್ನ ತಲಿಮ್ಯಾಲೆ?” ಅಂದಳು ದಸ್ತಗೀರಬಿ. ನೀಲಾಬಾಯಿ ನಗುತ್ತ ಮುಂದಿನ ಮನೆಗೆ ಹೋದಳು.

ಅದಾಗಿ ಸ್ವಲ್ಪ ದಿನಕ್ಕೆ ಮೊಮ್ಮಗಳು ನಿಖತಳಿಗೆ ಜ್ವರ ಬಂತು. ಎರಡನೇ ಇಯತ್ತೆ ಓದುವ ಹುಡುಗಿ, ಯಾವಾಗಲೂ ಅಜ್ಜಿಯ ರಾಟೆಯ ಪಕ್ಕದಲ್ಲೇ, ಅಂದರೆ ಮೆಟ್ಟಿಲ ಕೆಳಗೇ, ಕೂತು ಅಭ್ಯಾಸ ಬರೆಯುವವಳು. ಗುಳಿಗೆಗೆ ಜ್ವರ ಇಳಿಯಲಿಲ್ಲ. ಮೈಮೇಲೆ ಕೆಂಪು ಚುಕ್ಕೆ ಎದ್ದವು, ಮೂಗಿನಿಂದ ರಕ್ತ ಬಂತು. ಮಗ ಯುನೂಸ ತನ್ನ ಟೆಂಪೋದಲ್ಲೇ ಮಗುವನ್ನೂ ಹೆಂಡತಿಯನ್ನೂ ತಾಯಿಯನ್ನೂ ಕೂರಿಸಿಕೊಂಡು ಬಾಗಲಕೋಟೆಯ ದವಾಖಾನೆಗೆ ಒಯ್ದ. ರಕ್ತ ನೋಡಿ ಡೆಂಗಿ ಅಂದರು. ಪ್ಲೇಟ್‌ಲೆಟ್ ದಿನದಿನಕ್ಕೂ ಇಳಿಯತೊಡಗಿತು.

“ಮನ್ಯಾಗ ನೀರು ಭಾಳ ದಿನ ತುಂಬಿಡ್ತೀರೇನು?” ಅಂತ ಡಾಕ್ಟರು ಕೇಳಿದರು.

“ಇಲ್ರಿ ಸರ್. ನಮ್ಮಮ್ಮ ಭಾಳ ಚೊಕ್ಕ, ನಳ ಬಂದಾಗೆಲ್ಲ ತಿಕ್ಕಿ ತುಂಬ್ತಾಳ,” ಅಂದ ಯುನೂಸ.

ದಸ್ತಗೀರಬಿಗೆ ಮೆಟ್ಟಿಲ ಕೆಳಗಿನ ಬ್ಯಾರಲ್ಲು ನೆನಪಾಯಿತು. ಸೊಸೆ ಫರಹಾನಾ ಮಗುವಿನ ಕೈ ಹಿಡಿದು ಕೂತಿದ್ದಳು, ಎರಡು ದಿನದಿಂದ ಏನೂ ತಿಂದಿರಲಿಲ್ಲ. ಅವಳ ಮುಖ ನೋಡಲಾಗದೆ ದಸ್ತಗೀರಬಿ ಹೊರಗೆ ಬಂದು ಗೋಡೆ ಹಿಡಿದು ನಿಂತಳು.

ಮರುದಿನ ಬೆಳಿಗ್ಗೆ ಯುನೂಸ ಅಂದ, “ಅಮ್ಮಾ, ಇಲ್ಲಿ ಭಾಳ ಮಂದಿನ್ನ ಇರಾಕ ಬಿಡಂಗಿಲ್ಲ. ನೀ ಊರಿಗೆ ಹೋಗಿ ಬಟ್ಟಿ, ಗಂಜಿ ತಗೊಂಡು ಬಾ.”

ಬಸ್ಸಿನಲ್ಲಿ ಅವಳಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಅಮೀನಗಡದಲ್ಲಿ ಕರದಂಟಿನ ಪೊಟ್ಟಣ ಹಿಡಿದವರು ಕಿಟಕಿಗೆ ಬಂದರು. ನಿಖತ ಈ ದಾರಿಯಲ್ಲಿ ಬಂದರೆ ಅದನ್ನು ಕೊಡಿಸುವ ತನಕ ಬಿಡುತ್ತಿರಲಿಲ್ಲ. ದಸ್ತಗೀರಬಿ ಸೆರಗು ಬಾಯಿಗೆ ಒತ್ತಿಕೊಂಡಳು. ಹುನಗುಂದ ದಾಟುವ ಹೊತ್ತಿಗೆ ದೇವರ ಜೊತೆ ಜಗಳಕ್ಕೇ ಇಳಿದಿದ್ದಳು. ಯಾ ಅಲ್ಲಾ, ನಾ ಏನು ಬಂಗಾರ ಕೂಡಿಟ್ಟಿದ್ದೆನೇ? ನೀರು. ನೀನು ಹೊತ್ತಿಗೆ ಕಳಿಸಿದ್ದರೆ ನಾ ಯಾಕೆ ಬಚ್ಚಿಡುತ್ತಿದ್ದೆ? ಹಾಗಂದವಳೇ ಹೆದರಿ ಎರಡೂ ಕೆನ್ನೆ ಬಡಿದುಕೊಂಡಳು.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಮೆಟ್ಟಿಲ ಕೆಳಗೆ ಹೋದಳು. ಬುಟ್ಟಿ ಸರಿಸಿ ಗೋಣಿ ಎತ್ತಿದಳು. ಗೋಣಿಗೆ ಯಾವ ಕಾಲದಲ್ಲೋ ತೂತು ಬಿದ್ದಿತ್ತು. ಒಳಗಿನ ಕತ್ತಲಲ್ಲಿ ನೀರು ಮಿಸುಕಾಡುತ್ತಿತ್ತು. ನೀಲಾಬಾಯಿ ಬಾಟಲಿಯಲ್ಲಿ ಹಾಕಿ ತೋರಿಸಿದ್ದ ಅವೇ ಕೂದಲೆಳೆಯಂಥ ಹುಳಗಳು, ಲೆಕ್ಕವಿಲ್ಲದಷ್ಟು, ತಲೆಕೆಳಗಾಗಿ ಜೋತುಬಿದ್ದಿದ್ದವು.

ಅವಳು ಬ್ಯಾರಲ್ಲಿನ ಅಂಚು ಹಿಡಿದು ಹೊರಗೆಳೆಯತೊಡಗಿದ ಸದ್ದಿಗೆ ಮಲೀಕಸಾಬ ಒಳಗಿನಿಂದ ಬಂದ. ಮೊಮ್ಮಗಳು ದವಾಖಾನೆ ಸೇರಿದ ದಿನದಿಂದ ಅವನೂ ಅಂಗಡಿ ತೆರೆದಿರಲಿಲ್ಲ.

“ಏ, ಏನ ಮಾಡಾಕತ್ತೀ?”

“ಚೆಲ್ಲತೇನಿ.”

“ತಲಿ ಕೆಟ್ಟೈತೇನು? ನಳ ಬಂದು ಎಷ್ಟು ದಿನ ಆತು! ಮುಂದಿನ ಡ್ರಮ್ಮೆಲ್ಲಾ ತಳ ಕಂಡಾವ. ಇದೊಂದಾರ ಇರಲಿ, ಹಳೀ ಸೀರಿ ಅರಬಿಲೆ ಸೋಸಿ ಬಟ್ಟಿ ಒಗ್ಯಾಕ, ಭಾಂಡಿ ತಿಕ್ಕಾಕ ಬಳಸೂಣಂತ. ನಾಳೆ ಮಂದಿ ಬರ್ತಾರ, ಹೋಗ್ತಾರ, ಏನ ಮಾಡ್ತೀ ಆಗ?”

ನೋಡಿ, ಜೀವಮಾನವಿಡೀ ಕೊಡುವವನಿದ್ದಾನೆ ಅಂದವನು, ಒಂದು ಬ್ಯಾರಲ್ಲು ವಾಲಿದ ಕೂಡಲೇ ಅದರ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

ದಸ್ತಗೀರಬಿ ಅವನ ಮುಖವನ್ನೇ ನೋಡಿದಳು.

“ಇದನ್ನ ನಾ ಯಾಕ ಇಟ್ಟಿದ್ನಿ, ನಿಮಗ ಗೊತ್ತೈತೇನ್ರಿ? ಅತ್ತಿ ತೀರಿಕೊಂಡಾಗ ಮಂದಿ ಮನಿಗೆ ನೀರಿಗೆ ಹೋಗಿದ್ನಿ. ಇನ್ನೊಮ್ಮಿ ಹೋಗಬಾರದಂತ ಇಟ್ಟಿದ್ನಿ. ಗುಸಲ್‌ಗೆ. ಇದು ಹೆಣದ ನೀರು. ಈಗ ನಮ್ಮ ಮನ್ಯಾಗ ಸಾವಿನ ಹಾಸಗಿಮ್ಯಾಲೆ ಇದ್ದಾಕಿ ಯಾರು? ಹೇಳ್ರಿ! ಯಾರಿಗಂತ ಕಾದಿಡ್ಲಿ ಇದನ್ನ?”

ಮಲೀಕಸಾಬ ಅಂಚು ಬಿಟ್ಟು, ಲುಂಗಿ ಮೇಲೆತ್ತಿ ಕಟ್ಟಿ, ಬ್ಯಾರಲ್ಲಿನ ಆ ಬದಿಗೆ ಬಂದು ಕೈ ಕೊಟ್ಟ.

ಇಬ್ಬರೂ ಸೇರಿ ಅದನ್ನು ಅಂಗಳಕ್ಕೆ ಎಳೆದು ಬಿಸಿಲಿಗೆ ಉರುಳಿಸಿದರು. ನೀರು ಕಲ್ಲುಹಾಸಿನ ಮೇಲೆ ಹರಿದು ಹೋಯಿತು. ದಸ್ತಗೀರಬಿ “ಕೊಡಾಂವ ಕೊಡ್ಲಿ, ನನ್ನ ಕೂಸಿನ್ನ ಕೊಡ್ಲಿ” ಅನ್ನುತ್ತ ಇಟ್ಟಿಗೆ ಚೂರಿನಿಂದ ಬ್ಯಾರಲ್ಲಿನ ಒಳಮೈ ತಿಕ್ಕುತ್ತಲೇ ಇದ್ದಳು. ಸಾಕು ಬಿಡು ಅಂತ ಗಂಡ ಹೇಳಿದರೂ ಕೈ ನಿಲ್ಲಲಿಲ್ಲ. ನಂಬಿಕೆ ಬಂದು ಎದೆ ತಣ್ಣಗಾಯಿತು ಅನ್ನುವ ಹಾಗೇನೂ ಇರಲಿಲ್ಲ ಅವಳಿಗೆ.

ಇನ್ನು ಗಂಜಿ ಆಗಬೇಕು, ಮಧ್ಯಾಹ್ನದ ಬಸ್ಸು ಹಿಡಿಯಬೇಕು. ಬಿಂದಿಗೆ ಅಲ್ಲಾಡಿಸಿ ನೋಡಿದಳು, ಏನೂ ಇರಲಿಲ್ಲ. ಕೊಡ ತೆಗೆದುಕೊಂಡು ಓಣಿಯ ತಿರುವಿಗೆ ನಡೆದಳು. ಕಟ್ಟೆಗಳ ಮೇಲಿದ್ದವರು ನೋಡಿದರು. ನೋಡಲಿ.

“ಬಾಯಾರ, ಒಂದು ಕೊಡ ನೀರು ಕೊಡ್ರಿ.”

ತುಳಸೀಬಾಯಿಗೆ ಈಗ ಬೆನ್ನು ಬಾಗಿದೆ. “ಬಾ ಒಳಗ. ಹುಡುಗಿ ಹ್ಯಾಂಗಿದ್ದಾಳ?” ಅನ್ನುತ್ತಲೇ ಇದ್ದ ಒಂದೇ ಕೊಡವನ್ನು ಇವಳ ಕೊಡಕ್ಕೆ ಅರ್ಧ ಬಗ್ಗಿಸಿದರು.

“ನಿಮಗ, ಬಾಯಾರ?”

“ಇಲ್ಲೇ ಅದಲ್ಲ ಅರ್ಧ? ನಾಳೀದು ನಾಳಿಗೆ. ಮದಲ ಗಂಜಿ ಮಾಡು, ಹೋಗು.”

ದಸ್ತಗೀರಬಿ ಕೊಡ ಸೊಂಟಕ್ಕಿಡುವಾಗ ಫೋನು ಬಡಿದುಕೊಂಡಿತು. ಯುನೂಸನದು. ಎತ್ತುವ ಧೈರ್ಯವಾಗದೆ ತುಳಸೀಬಾಯಿಯ ಮುಖ ನೋಡಿದಳು. ಅವರೇ ಗುಂಡಿ ಒತ್ತಿ ಅವಳ ಕಿವಿಗೆ ಹಿಡಿದರು.

“ಅಮ್ಮಾ, ರಿಪೋರ್ಟ್ ಬಂತು. ಇಳಿಯೋದು ನಿಂತೈತಿ. ಇನ್ನ ಅಂಜಿಕಿ ಕಡಿಮಿ ಅಂದ್ರು ಡಾಕ್ಟರು. ಅಜ್ಜಿ ಎಲ್ಲಿ ಅಂತ ಕೇಳಾಕತ್ತಾಳ ಇಕಿ.”

ದಸ್ತಗೀರಬಿ ಕೊಡ ಕೆಳಗಿಟ್ಟು ಹೊಸ್ತಿಲ ಮೇಲೇ ಕೂತಳು. ಅತ್ತಳೋ ನಕ್ಕಳೋ ಅವಳಿಗೇ ತಿಳಿಯಲಿಲ್ಲ. ಆಮೇಲೆ ಅಂದಳು:

“ಯುನೂಸ, ಡಾಕ್ಟರಿಗೆ ಹೇಳು, ಮನ್ಯಾಗ ನೀರು ಇದ್ವು. ಮೆಟ್ಲ ಕೆಳಗ, ನಾನ ಮುಚ್ಚಿಟ್ಟಿದ್ನಿ. ಅದರಿಂದನ ಕೂಸಿಗೆ ಹಿಂಗಾತು.”

ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

“ಹೇಳತೇನಿ. ನೀ ಗಂಜಿ ತಗೊಂಡು ಲಗೂನ ಬಾ ಅಮ್ಮಾ,” ಅಂದ ಯುನೂಸ.

ನಳ ಅವತ್ತೂ ಬರಲಿಲ್ಲ. ದಸ್ತಗೀರಬಿ ಮನೆಗೆ ಬಂದು ಗಂಜಿಗೆ ಇಟ್ಟಳು.